ಕಿತ್ತುಬಿದ್ದ ಶಾಶ್ವತದಂತಗಳ ಮರುನಾಟಿಯಲ್ಲಿ ಪ್ರತಿಜೈವಿಕಗಳ ಪ್ರಯೋಗ

ಪೆಟ್ಟಿನ ರಭಸಕ್ಕೆ ಶಾಶ್ವತದಂತವೊಂದು ಮುರಿಯದೆ, ಸೀಳದೆ, ಬೇರುಸಹಿತವಾಗಿ ತನ್ನ ಗೂಡಿನಿಂದ ಪೂರ್ತಿಯಾಗಿ ಹೊರಬಿದ್ದಾಗ ಅದನ್ನು ಮತ್ತೆ ಅದೇ ಗೂಡಿನಲ್ಲಿ ಕೂರಿಸಿ, ಅಕ್ಕಪಕ್ಕದ ಹಲ್ಲುಗಳ ಆಸರೆಗೆ ಕೆಲಕಾಲ ಕಟ್ಟಿ, ಅದು ಅಲ್ಲಿಯೇ ನೆಲೆಯೂರುವಂತೆ ಮಾಡುವ ಚಿಕಿತ್ಸೆಗೆ ದಂತದ ಮರುನಾಟಿ ಎಂದು ಹೆಸರು. ಈ ಚಿಕಿತ್ಸೆಯಲ್ಲಿ ಪ್ರತಿಜೈವಿಕಗಳು, ಎಂದರೆ ರೋಗಿಗಳ ಮಾತಿನ ಆಂಟಿಬಯೋಟಿಕ್ ಔಷಧಗಳು, ಮೂರು ದಾರಿಗಳಿಂದ ಪ್ರವೇಶ ಪಡೆದಿವೆ: ಮಾತ್ರೆಯಾಗಿಯೋ ಸಿರಪ್ಪಾಗಿಯೋ ಹೊಟ್ಟೆಗೆ ಕೊಟ್ಟು ರಕ್ತದ ಮೂಲಕ ಗಾಯವನ್ನು ಮುಟ್ಟಿಸುವುದು ಒಂದು, ನೆಡುವುದಕ್ಕೆ ಮುಂಚೆ ಹಲ್ಲಿನ ಬೇರನ್ನು ಔಷಧದ ದ್ರಾವಣದಲ್ಲಿ ನೆನೆಸುವುದು ಎರಡನೆಯದು, ನೆಟ್ಟ ಮೇಲೆ ಬೇರಿನ ನಾಳವನ್ನು ಶುದ್ಧಮಾಡಿ ಅದರೊಳಗೆ ಔಷಧವನ್ನು ಲೇಪವಾಗಿ ತುಂಬುವುದು ಮೂರನೆಯದು. ಈ ಮೂರರ ಉದ್ದೇಶವೂ ಆಧಾರವೂ ಬೇರೆಬೇರೆಯಾಗಿದ್ದರೂ ಅವನ್ನು ಒಂದೇ ಹೆಸರಿನ ಕೆಳಗೆ ಕೂಡಿಸಿ ಮಾತನಾಡುವ ರೂಢಿಯೊಂದು ಬೆಳೆದುಬಂದಿದೆ. ಈ ವಿಷಯವನ್ನು ಕುರಿತ ಬಹುಪಾಲು ಭಿನ್ನಾಭಿಪ್ರಾಯಗಳಿಗೆ ಆ ರೂಢಿಯೇ ಕಾರಣವೆನ್ನಬೇಕು.

ಶಾಶ್ವತದಂತಗಳಿಗೆ ಒದಗುವ ಸಮಸ್ತ ಆಘಾತಗಳಲ್ಲಿ ಹಲ್ಲು ಹೀಗೆ ಬುಡಸಹಿತ ಕಿತ್ತುಬೀಳುವ ಪ್ರಸಂಗಗಳು ಶೇಕಡ 0.5ರಿಂದ 16ರವರೆಗೆ ಇರುವುವೆಂದು ಬೇರೆಬೇರೆ ಎಡೆಗಳ ಗಣನೆಗಳು ಹೇಳುತ್ತವೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಗೇ ಈ ಆಪತ್ತು ಹೆಚ್ಚು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದ ಪ್ರಾಯದಲ್ಲಿ, ಸುಮಾರು 7ರಿಂದ 10 ವರ್ಷದೊಳಗಿನ ಮಕ್ಕಳಲ್ಲಿ, ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಸುತ್ತಲಿನ ಮೂಳೆಯೂ ಮೆತ್ತಗಿರುತ್ತದೆ. ಆದುದರಿಂದ ಸೈಕಲ್ಲಿನಿಂದ ಬಿದ್ದೋ, ಆಟದಲ್ಲಿ ಚೆಂಡು ಬಡಿದೋ, ಮೆಟ್ಟಿಲ ಅಂಚಿಗೆ ಮುಖ ತಗುಲಿಯೋ ದೊಡ್ಡವರ ಹಲ್ಲು ಮುರಿಯುವಂಥ ಏಟಿಗೆ ಮಕ್ಕಳ ಹಲ್ಲು ಇಡಿಯಾಗಿ ಎದ್ದುಬರುತ್ತದೆ. ಆ ಪ್ರಾಯದವರಿಗೆ ಕೃತಕ ಬೇರು ಹಾಕಿ ಹಲ್ಲು ಕೂರಿಸುವುದು ದವಡೆಯ ಬೆಳವಣಿಗೆ ಮುಗಿಯುವ ತನಕ ಸಾಧ್ಯವಿಲ್ಲ. ಮರುನಾಟಿ ಮಾಡಿದ ಹಲ್ಲು ಐದಾರು ವರ್ಷ ಬಾಳಿದರೂ, ಅಷ್ಟರಲ್ಲಿ ಮೂಳೆಯ ಎತ್ತರವನ್ನೂ ಮುಖದ ಅಂದವನ್ನೂ ಕಾದುಕೊಟ್ಟರೂ, ಅದು ತನ್ನ ಕೆಲಸವನ್ನು ನಿರ್ವಹಿಸಿದಂತೆಯೇ ಸರಿ. ಹಾಲುಹಲ್ಲನ್ನು ಮಾತ್ರ ಮರುನೆಡತಕ್ಕದ್ದಲ್ಲ. ಅದರ ಹಿಂದೆ ಮೂಡುತ್ತಿರುವ ಶಾಶ್ವತದಂತದ ಮೊಳಕೆಗೆ ಕೇಡು ತಗುಲುವ ಭಯವುಂಟು.

ಔಷಧ ಎಲ್ಲಿ ಕೆಲಸಮಾಡಬಲ್ಲುದು, ಎಲ್ಲಿ ಮಾಡಲಾರದು ಎಂಬುದು ತಿಳಿಯಬೇಕಾದರೆ ಹಲ್ಲಿನ ಬೇರಿನ ಮೈಯನ್ನು ಹತ್ತಿರದಿಂದ ನೋಡಬೇಕು. ಆಗತಾನೆ ಬಿದ್ದ ಹಲ್ಲನ್ನು ಬಿಳಿಯ ಮೇಲ್ಭಾಗದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರೆ ಬೇರಿನ ಹಳದಿ ಮೈಮೇಲೆ ತೇವದಿಂದ ಹೊಳೆಯುವ, ಅಲ್ಲಲ್ಲಿ ನಸುಗೆಂಪಾದ, ಬೆರಳು ತಾಗಿದರೆ ನುಣ್ಣಗೆನಿಸುವ ತೆಳುಪೊರೆಯೊಂದು ಕಾಣುತ್ತದೆ. ಇದು ಪರಿದಂತ ತಂತುವಿನ ಅರ್ಧಭಾಗ; ಉಳಿದರ್ಧ ಗೂಡಿನ ಗೋಡೆಗೆ ಅಂಟಿಕೊಂಡೇ ಉಳಿದಿರುತ್ತದೆ. ಸುಮಾರು 0.2 ಮಿ.ಮೀ. ದಪ್ಪದ ಈ ತಂತುಸಮೂಹವೇ ಹಲ್ಲನ್ನು ಮೂಳೆಯ ನಡುವೆ ತೂಗುಮಂಚದಂತೆ ತೂಗಿಹಾಕಿ ಹಿಡಿದಿರತಕ್ಕದ್ದು. ಅದರಲ್ಲಿರುವ ಜೀವಕೋಶಗಳು ಸಜೀವವಾಗಿ ಉಳಿದರೆ, ಮರುನಾಟಿಯಾದ ಒಂದೆರಡು ವಾರಗಳಲ್ಲಿ ಹರಿದ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಗಾಳಿಗೆ ಒಣಗಿದರೆ ಆ ಕೋಶಗಳು ಬೇಗ ಸಾಯುತ್ತವೆ. 60 ನಿಮಿಷ ಒಣಗಿದ ಹಲ್ಲಿನ ಮೇಲೆ ಬದುಕಿರುವ ಕೋಶಗಳು ಇಲ್ಲವೆಂದೇ ಭಾವಿಸಿ ಚಿಕಿತ್ಸೆಯನ್ನು ಯೋಜಿಸಬೇಕಾಗುತ್ತದೆ. ಹಲ್ಲಿನ ಒಳಗಿನ ತಿರುಳಿನ ಗತಿ ಬೇರೆ. ಬೇರಿನ ತುದಿಯ ರಂಧ್ರದಿಂದ ಒಳಹೋಗುವ ರಕ್ತನಾಳಗಳು ಹಲ್ಲು ಬಿದ್ದ ಕ್ಷಣದಲ್ಲಿಯೇ ಕಡಿದುಹೋಗಿರುತ್ತವೆ. ಬೇರು ಪೂರ್ತಿ ಬೆಳೆದು ತುದಿ ಮುಚ್ಚಿದ ಹಲ್ಲಿನಲ್ಲಿ ತಿರುಳು ಸಾಯುವುದು ನಿಶ್ಚಿತ. ತುದಿ ಅಗಲವಾಗಿ ತೆರೆದಿರುವ ಎಳೆಯ ಹಲ್ಲಿನಲ್ಲಿ ಮಾತ್ರ ಹೊಸ ರಕ್ತನಾಳಗಳು ಮೆಲ್ಲನೆ ಒಳಗೆ ಬೆಳೆದು ತಿರುಳನ್ನು ಉಳಿಸುವ ಆಶೆಯುಂಟು.

ಇಲ್ಲಿಂದ ಮುಂದೆ ಕೆಡುಕು ಬರುವ ದಾರಿಗಳು ಎರಡು, ಅವುಗಳಲ್ಲಿ ಒಂದರ ಮೇಲೆ ಮಾತ್ರ ಪ್ರತಿಜೈವಿಕದ ಅಧಿಕಾರ ನಡೆಯುತ್ತದೆ. ತಂತುವಿನ ಕೋಶಗಳು ಸತ್ತುಹೋದೆಡೆಯಲ್ಲಿ ಮೂಳೆ ನೇರವಾಗಿ ಬೇರಿಗೆ ಬೆಸೆದುಕೊಳ್ಳುತ್ತದೆ. ಮೂಳೆ ಎಂದಿನಂತೆ ತನ್ನನ್ನು ತಾನು ಕರಗಿಸಿಕೊಂಡು ಮತ್ತೆ ಕಟ್ಟಿಕೊಳ್ಳುವ ಕ್ರಮದಲ್ಲಿ ಬೇರನ್ನೂ ತನ್ನದೇ ಭಾಗವೆಂದು ಬಗೆದು ಕರಗಿಸುತ್ತ, ಆ ಜಾಗದಲ್ಲಿ ಮೂಳೆಯನ್ನು ತುಂಬುತ್ತ ಹೋಗುತ್ತದೆ. ಹೀಗೆ ಬೆಸೆದ ಹಲ್ಲನ್ನು ಉಪಕರಣದ ಹಿಡಿಯಿಂದ ತಟ್ಟಿದರೆ ಲೋಹದಂಥ ಗಡುಸಾದ ನಾದ ಹೊರಡುತ್ತದೆ. ಬೆಳೆಯುವ ಮಗುವಿನಲ್ಲಿ ಅಕ್ಕಪಕ್ಕದ ಹಲ್ಲುಗಳು ಕೆಳಗಿಳಿದು ಬಂದಂತೆಲ್ಲ ಅದು ಇದ್ದಲ್ಲೇ ಉಳಿದು ಗಿಡ್ಡವಾಗಿ ತೋರುತ್ತದೆ. ಈ ಕರಗುವಿಕೆಗೆ ಸೂಕ್ಷ್ಮಜೀವಿಗಳು ಕಾರಣವಲ್ಲವಾದ್ದರಿಂದ ಯಾವ ಪ್ರತಿಜೈವಿಕವೂ ಇದನ್ನು ತಡೆಯಲಾರದು. ಎರಡನೆಯದು ಸೋಂಕಿನಿಂದ ಬರುವ ಕರಗುವಿಕೆ. ಬಿದ್ದ ರಭಸಕ್ಕೆ ಬೇರಿನ ಹೊರಕವಚವಾದ ಸಿಮೆಂಟಂ ಅಲ್ಲಲ್ಲಿ ಕೆತ್ತಿಹೋಗಿ ಒಳಗಿನ ದಂತದ್ರವ್ಯದ ಸೂಕ್ಷ್ಮನಾಳಗಳು ಬಾಯಿತೆರೆದಿರುತ್ತವೆ. ಸತ್ತ ತಿರುಳಿನಲ್ಲಿ ನೆಲಸಿದ ಬ್ಯಾಕ್ಟೀರಿಯಗಳ ವಿಷವು ಈ ನಾಳಗಳ ಮೂಲಕ ಹೊರಕ್ಕೆ ಒಸರಿ ಉರಿಯೂತವನ್ನು ಕೆರಳಿಸುತ್ತದೆ, ಉರಿಯೂತದ ಜೊತೆಗೆ ಬರುವ ಬೃಹತ್ಕೋಶಗಳು ಬೇರನ್ನೂ ಮೂಳೆಯನ್ನೂ ಒಟ್ಟಿಗೆ ತಿನ್ನತೊಡಗುತ್ತವೆ. ಎಳೆಯ ಹಲ್ಲಿನಲ್ಲಿ ದಂತದ್ರವ್ಯದ ಗೋಡೆ ತೆಳುವಾಗಿಯೂ ಅದರ ನಾಳಗಳು ಅಗಲವಾಗಿಯೂ ಇರುವುದರಿಂದ ಕೆಲವೇ ತಿಂಗಳುಗಳಲ್ಲಿ ಬೇರಿನ ದೊಡ್ಡ ಭಾಗವೇ ಮಾಯವಾಗಬಹುದು. ಪ್ರತಿಜೈವಿಕದ ಪ್ರಶ್ನೆ ಹುಟ್ಟುವುದು ಈ ಎರಡನೆಯ ವ್ಯಾಧಿಯ ಸಂದರ್ಭದಲ್ಲಿ.

ಆದರೆ ಇಲ್ಲಿಯೂ ಒಂದು ತೊಡಕುಂಟು. ರಕ್ತದ ಮೂಲಕ ಹರಿಯುವ ಔಷಧವು ರಕ್ತ ಹರಿಯದ ಎಡೆಗೆ ಹೋಗಲಾರದು. ನಾಳಗಳು ಕಡಿದ ತಿರುಳಿನ ಕೋಣೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಆದಕಾರಣ ಮಾತ್ರೆಯಿಂದ ನಾವು ನಿರೀಕ್ಷಿಸಬಹುದಾದುದು ಇಷ್ಟೆ: ಬೇರಿಗೂ ಗೂಡಿಗೂ ನಡುವೆ ಹೆಪ್ಪುಗಟ್ಟಿದ ರಕ್ತದಲ್ಲಿ ಬಾಯಿಯ, ನೆಲದ, ಸಾಗಿಸಿತಂದ ದ್ರವದ ಸೂಕ್ಷ್ಮಜೀವಿಗಳು ಬೇರೂರದಂತೆ ಮೊದಲ ದಿನಗಳಲ್ಲಿ ತಡೆಹಾಕುವುದು, ಮತ್ತು ಒಸಡಿನ ಅಂಚಿನ ಹರಕಿನಿಂದ ಇಳಿದು ಅವು ಬೇರಿನ ತುದಿಯ ಕಡೆಗೆ ಸಾಗುವ ದಾರಿಯನ್ನು ಕೆಲಕಾಲ ಮುಚ್ಚುವುದು. ನಾಳವನ್ನು ಬಿಡಿಸಿ ಶುದ್ಧಮಾಡುವ ತನಕ ಕಾಲಾವಕಾಶ ಕಲ್ಪಿಸಿಕೊಡುವ ಕಾವಲುಗಾರನ ಕೆಲಸ ಅದರದು. ಹಲ್ಲನ್ನು ಉಳಿಸುವುದು ಬೇಗನೆ ನೆಟ್ಟ ಕೈ ಮತ್ತು ವೇಳೆಗೆ ಸರಿಯಾಗಿ ಮಾಡಿದ ರೂಟ್ ಕೆನಾಲ್ ಚಿಕಿತ್ಸೆ.

ಮರುನಾಟಿಯ ಕಲ್ಪನೆ ಪ್ರತಿಜೈವಿಕಗಳಿಗಿಂತ ಬಹಳ ಹಳೆಯದು. ಹತ್ತನೆಯ ಶತಮಾನದ ಅಂದಲೂಸಿಯದ ಶಸ್ತ್ರವೈದ್ಯ ಅಲ್ ಜಹ್ರಾವಿ ಬಿದ್ದ ಹಲ್ಲನ್ನು ಮತ್ತೆ ಕೂರಿಸಿ ಲೋಹದ ತಂತಿಯಿಂದ ಬಿಗಿಯುವ ಕ್ರಮವನ್ನು ಬರೆದಿದ್ದಾನೆ. ಪ್ಯಾರಿಸ್ಸಿನ ಪಿಯೆರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯಗ್ರಂಥದಲ್ಲಿ ಮರುನಾಟಿಯ ಪ್ರಸ್ತಾಪವಿದೆ. ಲಂಡನ್ನಿನ ಜಾನ್ ಹಂಟರ್ ಮಾನವದಂತಗಳನ್ನು ಕುರಿತ ತನ್ನ ಗ್ರಂಥವನ್ನು 1771ರಲ್ಲಿ ಹೊರತಂದ. ಮನುಷ್ಯನ ಹಲ್ಲೊಂದನ್ನು ಹುಂಜದ ತಲೆಯ ಚೊಟ್ಟಿಯಲ್ಲಿ ನೆಟ್ಟು ಅದು ಹಿಡಿದುಕೊಂಡುದನ್ನು ತೋರಿಸಿದ ಆತನ ಪ್ರಯೋಗವು ವಿಚಿತ್ರವಾಗಿ ಕಂಡರೂ ಜೀವಂತ ಊತಕದ ಮಹತ್ತ್ವವನ್ನು ಅರಿತವನ ಪ್ರಯೋಗವೇ ಸರಿ. ಆ ಕಾಲದಲ್ಲಿ ಬಡವರ ಹಲ್ಲನ್ನು ಕೀಳಿಸಿ ಸಿರಿವಂತರ ಬಾಯಿಗೆ ನಾಟುವ ಅಮಾನುಷವಾದ ಗೀಳೊಂದು ಹಬ್ಬಿ, ಹಲ್ಲಿನೊಡನೆ ಸಿಫಿಲಿಸ್ ಮೊದಲಾದ ರೋಗಗಳೂ ದಾಟುವುವೆಂಬ ಭೀತಿ ಹುಟ್ಟಿ, ಅದು ಅಳಿಯಿತು. ಸೋಂಕು ಎಂಬುದು ನಾಟಿಯ ಬೆನ್ನು ಹತ್ತಿದ ಶತ್ರುವೆಂಬ ಅರಿವು ಆಗಲೇ ಇದ್ದಿತು. ಅದನ್ನು ಎದುರಿಸುವ ಆಯುಧ ಮಾತ್ರ ಇರಲಿಲ್ಲ.

ಆ ಆಯುಧ ಇಪ್ಪತ್ತನೆಯ ಶತಮಾನದಲ್ಲಿ ಬಂದಿತು. 1928ರಲ್ಲಿ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್ ಎರಡನೆಯ ಮಹಾಯುದ್ಧದ ಹೊತ್ತಿಗೆ ಔಷಧರೂಪ ತಳೆಯಿತು. ಟೆಟ್ರಸೈಕ್ಲಿನ್ ವರ್ಗದ ಮೊದಲನೆಯದಾದ ಆರಿಯೊಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಿಂದ ಹೊರಬಿದ್ದಿತು. ಅಲ್ಲಿಯ ಸಂಶೋಧನೆಗಳಿಗೆಲ್ಲ ನಿರ್ದೇಶಕನಾಗಿದ್ದವನು ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಮುಂದೆ ಅದೇ ವರ್ಗದ ಡಾಕ್ಸಿಸೈಕ್ಲಿನ್ 1960ರ ದಶಕದಲ್ಲಿಯೂ ಪೆನಿಸಿಲಿನ್ನಿನ ಕುಲದ ಅಮಾಕ್ಸಿಸಿಲಿನ್ 1970ರ ದಶಕದ ಆರಂಭದಲ್ಲಿಯೂ ಬಳಕೆಗೆ ಬಂದವು. ಮರುನಾಟಿಯ ವಿಚಾರದಲ್ಲಿ ಇಂದಿಗೂ ಹೆಸರು ಕೇಳಿಬರುವುದು ಮುಖ್ಯವಾಗಿ ಈ ಎರಡರದೇ.

ಆಧುನಿಕ ಮರುನಾಟಿಶಾಸ್ತ್ರಕ್ಕೆ ತಳಹದಿ ಹಾಕಿದವರು ಕೋಪನ್‌ಹೇಗನ್ನಿನ ಯೆನ್ಸ್ ಓವೆ ಆಂಡ್ರೇಸನ್. 1966ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ, 110 ಮರುನಾಟಿ ಹಲ್ಲುಗಳ ಅಧ್ಯಯನವು ಕಾಲದ ಪ್ರಾಮುಖ್ಯವನ್ನು ನಿಸ್ಸಂದಿಗ್ಧವಾಗಿ ಸ್ಥಾಪಿಸಿತು: ಬಿದ್ದ 30 ನಿಮಿಷಗಳೊಳಗೆ ನೆಟ್ಟವುಗಳಲ್ಲಿ ಶೇಕಡ 90ರಷ್ಟು ಬೇರು ಕರಗದೆ ಉಳಿದಿದ್ದವು, ಎರಡು ಗಂಟೆ ಮೀರಿ ನೆಟ್ಟವುಗಳಲ್ಲಿ ಬಹುತೇಕ ಎಲ್ಲವೂ ಕರಗಿದ್ದವು. ಔಷಧದ ಚರ್ಚೆಯಲ್ಲಿ ಈ ಅಂತರವನ್ನು ಸದಾ ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ಮಾತ್ರೆಯೂ ಇಂಥ ಅಂತರವನ್ನು ತಂದ ದಾಖಲೆಯಿಲ್ಲ.

ಪ್ರತಿಜೈವಿಕದ ಪರವಾದ ಪ್ರಬಲ ಸಾಕ್ಷ್ಯ ಬಂದಿರುವುದು ಪ್ರಾಣಿಗಳಿಂದ. ಸ್ವೀಡನ್ನಿನ ಹ್ಯಾಮರ್‌ಸ್ಟ್ರಮ್ ಮತ್ತು ಸಂಗಡಿಗರು 1986ರಲ್ಲಿ ಕೋತಿಗಳ ಹಲ್ಲುಗಳನ್ನು ಕಿತ್ತು ಮರುನೆಟ್ಟು ಪರೀಕ್ಷಿಸಿದರು. ನೆಡುವ ವೇಳೆಗೇ ಔಷಧವನ್ನು ದೇಹಕ್ಕೆ ಕೊಟ್ಟಾಗ ಸತ್ತ ತಿರುಳಿನೊಳಕ್ಕೆ ಸೂಕ್ಷ್ಮಜೀವಿಗಳು ನುಗ್ಗುವುದು ತಪ್ಪಿತು, ಅದರಿಂದಾಗಿ ಸೋಂಕಿನ ಕರಗುವಿಕೆಯೂ ತಪ್ಪಿತು. ವಾರಗಳು ಕಳೆದು, ಸೋಂಕು ನೆಲೆಯೂರಿದ ಮೇಲೆ ಕೊಟ್ಟ ಔಷಧಕ್ಕೆ ಆ ಶಕ್ತಿ ಇರಲಿಲ್ಲ. ಕಾವಲು ಎಂಬುದು ಕಳ್ಳ ಒಳಹೊಕ್ಕ ಮೇಲೆ ಹಾಕುವುದಲ್ಲವೆಂಬ ಲೋಕನ್ಯಾಯವೇ ಇಲ್ಲಿ ಸಿದ್ಧವಾಯಿತು. 1998ರಲ್ಲಿ ಸೇ ಲಿಮ್ ಮತ್ತು ಸಂಗಡಿಗರು ನಾಯಿಗಳಲ್ಲಿ ಟೆಟ್ರಸೈಕ್ಲಿನ್ನನ್ನೂ ಅಮಾಕ್ಸಿಸಿಲಿನ್ನನ್ನೂ ತೂಗಿನೋಡಿ, ಟೆಟ್ರಸೈಕ್ಲಿನ್ ಅಮಾಕ್ಸಿಸಿಲಿನ್ನಿಗೆ ಬದಲಿಯಾಗಿ ನಿಲ್ಲಬಲ್ಲುದೆಂದು ಅಭಿಪ್ರಾಯಪಟ್ಟರು. ಟೆಟ್ರಸೈಕ್ಲಿನ್ ವರ್ಗಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಲ್ಲದೆ ಮತ್ತೊಂದು ಗುಣವೂ ಉಂಟು. ಊತಕವನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವವನ್ನು ಅದು ಅಡಗಿಸುತ್ತದೆಯೆಂಬುದನ್ನು ಅಮೆರಿಕದ ಲಾರ್ನ್ ಗೋಲಬ್ 1983ರಲ್ಲಿ ತೋರಿಸಿಕೊಟ್ಟಿದ್ದರು. ಬೇರನ್ನು ತಿನ್ನುವ ಕೋಶಗಳನ್ನು ಇದರಿಂದ ಹತ್ತಿಕ್ಕಬಹುದೆಂಬ ಆಶೆಯೇ ಡಾಕ್ಸಿಸೈಕ್ಲಿನ್ನಿಗೆ ಬಹುಕಾಲ ಅಗ್ರಪೂಜೆ ಸಲ್ಲುವಂತೆ ಮಾಡಿತು.

ಮನುಷ್ಯರ ವಿಷಯಕ್ಕೆ ಬಂದಾಗ ಚಿತ್ರ ಮಸುಕಾಗುತ್ತದೆ. ಆಂಡ್ರೇಸನ್ ಮತ್ತು ಸಂಗಡಿಗರು 400 ಮರುನಾಟಿ ಬಾಚಿಹಲ್ಲುಗಳನ್ನು ದೀರ್ಘಕಾಲ ಹಿಂಬಾಲಿಸಿ 1995ರಲ್ಲಿ ನಾಲ್ಕು ಭಾಗಗಳಾಗಿ ಪ್ರಕಟಿಸಿದ ವರದಿಯಲ್ಲಿ, ಹಲ್ಲು ಹೊರಗಿದ್ದ ಕಾಲ, ಅದನ್ನು ಇಟ್ಟಿದ್ದ ದ್ರವ, ಬೇರಿನ ಬೆಳವಣಿಗೆಯ ಹಂತ ಇವೆಲ್ಲ ಫಲಿತಾಂಶವನ್ನು ನಿರ್ಣಯಿಸುವ ಅಂಶಗಳಾಗಿ ಕಂಡವು; ಪ್ರತಿಜೈವಿಕ ಕೊಟ್ಟುದಕ್ಕೂ ತಂತು ಗುಣವಾದುದಕ್ಕೂ ಸಂಬಂಧ ಕಾಣಲಿಲ್ಲ. 2009ರಲ್ಲಿ ಆಸ್ಟ್ರೇಲಿಯದ ಹಿಂಕ್‌ಫಸ್ ಮತ್ತು ಮೆಸರ್ ಅದುವರೆಗಿನ ಮಾನವಾಧ್ಯಯನಗಳನ್ನೆಲ್ಲ ಜಾಲಾಡಿ, ಮಾತ್ರೆ ಕೊಡುವುದರಿಂದ ತಂತು ಚೆನ್ನಾಗಿ ಗುಣವಾಗುವುದೆಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂಬ ತೀರ್ಮಾನಕ್ಕೆ ಬಂದರು. ಇದರಿಂದ ಔಷಧ ವ್ಯರ್ಥವೆಂದು ಸಿದ್ಧವಾಗಲಿಲ್ಲ, ಪ್ರಯೋಜನವುಂಟೆಂದೂ ಸಿದ್ಧವಾಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಿತ್ತುಬಿದ್ದ ಹಲ್ಲು ಅಪರೂಪದ ಅತಿಥಿ. ಒಂದು ಆಸ್ಪತ್ರೆಗೆ ವರ್ಷವೊಂದಕ್ಕೆ ಬರುವವು ಕೆಲವೇ. ಬರುವ ಪ್ರತಿಯೊಂದರ ಒಣಗಿದ ಕಾಲ, ಬಿದ್ದ ನೆಲ, ಮಗುವಿನ ವಯಸ್ಸು ಬೇರೆಬೇರೆ. ಈ ವ್ಯತ್ಯಾಸಗಳೇ ಫಲಿತಾಂಶವನ್ನು ಅಷ್ಟು ಬಲವಾಗಿ ಎಳೆದಾಡುತ್ತಿರುವಾಗ ಮಾತ್ರೆಯ ಅಲ್ಪ ಪರಿಣಾಮವನ್ನು ಬೇರ್ಪಡಿಸಿ ತೋರಿಸಬೇಕಾದರೆ ದೊಡ್ಡ ಸಂಖ್ಯೆಯ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಹಂಚಿ ವರ್ಷಗಟ್ಟಲೆ ನೋಡಬೇಕು. ಬಾಯಿಂದ ರಕ್ತ ಸುರಿಯುವ ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಿತಂದೆಯರಿಗೆ ನಿಮ್ಮ ಮಗು ಔಷಧವಿಲ್ಲದ ಗುಂಪಿಗೆ ಸೇರಿದೆ ಎಂದು ಹೇಳುವುದು ಯಾರಿಗೂ ಸುಲಭವಲ್ಲ.

ಇಂಥ ಸಂದಿಗ್ಧದಲ್ಲಿ ವೈದ್ಯರು ಆಶ್ರಯಿಸುವುದು ದಂತಾಘಾತಶಾಸ್ತ್ರದ ಅಂತಾರಾಷ್ಟ್ರೀಯ ಸಂಘವು ಕಾಲಕಾಲಕ್ಕೆ ಹೊರಡಿಸುವ ಮಾರ್ಗಸೂಚಿಗಳನ್ನು. ಅವುಗಳಲ್ಲಿ ಆದ ಬದಲಾವಣೆ ಗಮನಾರ್ಹವಾಗಿದೆ. 2007 ಮತ್ತು 2012ರ ಸೂಚಿಗಳಲ್ಲಿ ಟೆಟ್ರಸೈಕ್ಲಿನ್ ವರ್ಗಕ್ಕೆ ಮೊದಲ ಮಣೆ. ಚಿಕ್ಕ ಮಕ್ಕಳಿಗೆ ಪೆನಿಸಿಲಿನ್ ವರ್ಗ ಬದಲಿ. 2020ರ ಸೂಚಿಯಲ್ಲಿ ಈ ಕ್ರಮ ತಿರುವುಮುರುವಾಯಿತು: ಬಾಯಿಯ ಸೂಕ್ಷ್ಮಜೀವಿಗಳ ಮೇಲೆ ಚೆನ್ನಾಗಿ ನಾಟುವುದರಿಂದಲೂ ಉಪದ್ರವ ಕಡಮೆಯಾದ್ದರಿಂದಲೂ ಅಮಾಕ್ಸಿಸಿಲಿನ್ ಅಥವಾ ಪೆನಿಸಿಲಿನ್ ಮೊದಲನೆಯದಾಯಿತು, ಡಾಕ್ಸಿಸೈಕ್ಲಿನ್ ಹಿಂದಕ್ಕೆ ಸರಿಯಿತು. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧವನ್ನು ಆರಿಸತಕ್ಕದ್ದು. ಇದೇ ಸೂಚಿಯು ಹೊಟ್ಟೆಗೆ ಕೊಡುವ ಪ್ರತಿಜೈವಿಕದ ಮೌಲ್ಯ ತುಂಬ ಸಂದೇಹಾಸ್ಪದವೆಂದು ಒಪ್ಪಿಕೊಂಡು, ಮರುವಾಕ್ಯದಲ್ಲಿಯೇ ಬೇರಿನ ತಂತು ಮಲಿನವಾಗಿರುವುದರಿಂದ ಅದನ್ನು ಕೊಡುವ ಸಲಹೆಯನ್ನು ಉಳಿಸಿಕೊಂಡಿದೆ. ಒಂದೇ ಉಸಿರಿನಲ್ಲಿ ಎರಡು ಮಾತು ಎಂದು ನಗುವವರು ನಗಬಹುದು. ಆದರೆ ಪ್ರಾಣಿಪ್ರಯೋಗಗಳ ಸ್ಪಷ್ಟವಾದ ಫಲವೊಂದು ಕಡೆ, ಒಂದು ವಾರದ ಅಗ್ಗದ ಔಷಧದಿಂದ ಆಗಬಹುದಾದ ಅಲ್ಪ ಕೇಡು ಇನ್ನೊಂದು ಕಡೆ ಇರುವಾಗ, ಸಾಕ್ಷ್ಯದ ಕೊರತೆಯನ್ನು ಮುಚ್ಚಿಡದೆ ಸಲಹೆ ಕೊಟ್ಟಿರುವುದು ಈ ಲೇಖಕನ ದೃಷ್ಟಿಯಲ್ಲಿ ಪ್ರಾಮಾಣಿಕವಾದ ನಡೆಯೇ.

ಟೆಟ್ರಸೈಕ್ಲಿನ್ ಹಿಂದೆ ಸರಿದುದಕ್ಕೆ ಮುಖ್ಯ ಕಾರಣ ಅದು ಹಲ್ಲಿಗೆ ಹಚ್ಚುವ ಬಣ್ಣ. ಈ ಔಷಧವು ಕ್ಯಾಲ್ಸಿಯಂ ಜೊತೆಗೆ ಬೆರೆತು, ಆಗತಾನೆ ಗಟ್ಟಿಗೊಳ್ಳುತ್ತಿರುವ ಹಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಹಳದಿಯಾಗಿದ್ದ ಪಟ್ಟೆ ಬೆಳಕಿಗೆ ತೆರೆದಂತೆ ಕಂದು, ಬೂದುಬಣ್ಣಗಳಿಗೆ ತಿರುಗುತ್ತದೆ. 1950ರ ದಶಕದಲ್ಲಿ, ದೀರ್ಘಕಾಲ ಈ ಔಷಧವನ್ನು ಸೇವಿಸಿದ ರೋಗಗ್ರಸ್ತ ಮಕ್ಕಳ ಹಲ್ಲುಗಳಲ್ಲಿ ಇದು ಮೊದಲು ಗೋಚರಿಸಿತು. ದಂತವೈದ್ಯರ ಸೂಚಿಗಳು 12 ವರ್ಷಕ್ಕೆ ಕೆಳಗಿನವರಿಗೆ ಇದನ್ನು ಸಾಮಾನ್ಯವಾಗಿ ಕೊಡಬಾರದೆನ್ನುತ್ತವೆ. ಹಲ್ಲು ಕಿತ್ತುಬೀಳುವ ಮಕ್ಕಳ ಪೈಕಿ ಬಹುಮಂದಿ 12ರ ಒಳಗಿನವರೇ ಆದ್ದರಿಂದ, ಪ್ರಾಣಿಗಳಲ್ಲಿ ಗೆದ್ದ ಔಷಧವು ಯಾರಿಗೆ ಬೇಕಿತ್ತೋ ಅವರಿಗೇ ಸಲ್ಲದೆ ಹೋಯಿತು. ಮಕ್ಕಳ ವೈದ್ಯರ ನಿಲುವಾದರೋ ಈಚೆಗೆ ಸಡಿಲವಾಗಿದೆ. ಡಾಕ್ಸಿಸೈಕ್ಲಿನ್ ತನ್ನ ಬಳಗದ ಹಿರಿಯರಿಗಿಂತ ಕ್ಯಾಲ್ಸಿಯಂಗೆ ಕಡಮೆ ಅಂಟುತ್ತದೆ; ಉಣುಗಿನ ಕಡಿತದಿಂದ ಹರಡುವ ಮಾರಕ ಜ್ವರಕ್ಕಾಗಿ ಎಳವೆಯಲ್ಲಿ ಅದನ್ನು ಅಲ್ಪಾವಧಿಗೆ ಸೇವಿಸಿದ ಅಮೆರಿಕದ ಮಕ್ಕಳ ಶಾಶ್ವತದಂತಗಳಲ್ಲಿ ಕಣ್ಣಿಗೆ ಕಾಣುವ ಕಲೆ ಇಲ್ಲವೆಂದು 2015ರ ಅಧ್ಯಯನವೊಂದು ತೋರಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸೋಂಕುರೋಗಗಳ ಕೈಪಿಡಿಯು 2018ರಿಂದ, 21 ದಿನಗಳನ್ನು ಮೀರದ ಡಾಕ್ಸಿಸೈಕ್ಲಿನ್ ಚಿಕಿತ್ಸೆಗೆ ವಯಸ್ಸಿನ ಅಡ್ಡಿಯಿಲ್ಲವೆನ್ನುತ್ತದೆ. ಮರುನಾಟಿಗೆ ಬೇಕಾಗುವುದು ಒಂದು ವಾರದ ಔಷಧ ಮಾತ್ರ. ಹೀಗಿರುವಾಗ ದಂತವೈದ್ಯರ 12 ವರ್ಷದ ಗೆರೆ ಎಷ್ಟುಕಾಲ ನಿಂತೀತೆಂಬುದು ವಿಚಾರಾರ್ಹವೇ. ಪ್ರಾಣವನ್ನು ಉಳಿಸುವ ಜ್ವರಚಿಕಿತ್ಸೆಯಲ್ಲಿ ಒಪ್ಪಬಹುದಾದ ಅಪಾಯವನ್ನು, ಪ್ರಯೋಜನವೇ ಸಂಶಯಾಸ್ಪದವಾಗಿರುವ ದಂತಚಿಕಿತ್ಸೆಯಲ್ಲಿಯೂ ಒಪ್ಪಬೇಕೆಂದೇನೂ ಇಲ್ಲ ಎಂಬುದೂ ಅಷ್ಟೇ ವಿಚಾರಾರ್ಹ.

ಬೇರನ್ನು ದ್ರಾವಣದಲ್ಲಿ ನೆನೆಸುವ ಎರಡನೆಯ ಬಗೆಯ ಕಥೆ ಇನ್ನೂ ಸ್ವಾರಸ್ಯವಾದುದು. ಇದರ ಗುರಿ ತಂತುವಲ್ಲ, ತಿರುಳು. ತುದಿ ತೆರೆದಿರುವ ಎಳೆಯ ಹಲ್ಲಿನೊಳಕ್ಕೆ ಹೊಸ ರಕ್ತನಾಳಗಳು ಬೆಳೆಯುವ ಓಟದಲ್ಲಿ ಸೂಕ್ಷ್ಮಜೀವಿಗಳು ಮೊದಲು ತಲುಪಿದರೆ ನಾಳಗಳು ಸೋಲುತ್ತವೆ. ಆದ್ದರಿಂದ ನೆಡುವ ಮುನ್ನವೇ ತುದಿಯನ್ನು ಔಷಧದಿಂದ ತೊಳೆದರೆ ಹೇಗೆ ಎಂದು ಸ್ವೀಡನ್ನಿನ ಮಿಯೊಮಿರ್ ಸ್ವೆಕ್ ಮತ್ತು ಸಂಗಡಿಗರು ಆಲೋಚಿಸಿದರು. 1990ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೋತಿಗಳ ಬಾಚಿಹಲ್ಲುಗಳನ್ನು, 20 ಮಿ.ಲೀ. ಲವಣದ್ರಾವಣಕ್ಕೆ 1 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಬೆರೆಸಿ, ಅದರಲ್ಲಿ 5 ನಿಮಿಷ ನೆನೆಸಿ ನೆಟ್ಟರು. ತಿರುಳಿಗೆ ರಕ್ತ ಮರಳಿದ ಹಲ್ಲುಗಳು ಗಣನೀಯವಾಗಿ ಹೆಚ್ಚಿದವು. ಬಳಿಕ ನಾಯಿಗಳಲ್ಲಿ ನಡೆದ ಪ್ರಯೋಗಗಳೂ ಇದನ್ನು ಬೆಂಬಲಿಸಿದವು. ಆ ಐದು ನಿಮಿಷದ ಸ್ನಾನ ಲೋಕದ ಪಠ್ಯಪುಸ್ತಕಗಳಿಗೆಲ್ಲ ಹಬ್ಬಿತು. ಆದರೆ 2015ರಲ್ಲಿ ಸ್ಟಾಕ್‌ಹೋಮಿನಿಂದಲೇ ಬಂದ, 66 ಹಲ್ಲುಗಳ ಹಿನ್ನೋಟದ ಅಧ್ಯಯನವು ಡಾಕ್ಸಿಸೈಕ್ಲಿನ್ನಿನಲ್ಲಿ ನೆನೆಸಿದ ಮಕ್ಕಳ ಹಲ್ಲುಗಳಿಗೂ ಬರಿಯ ಲವಣದ್ರಾವಣ ಕಂಡ ಹಲ್ಲುಗಳಿಗೂ ವ್ಯತ್ಯಾಸ ಕಾಣಲಿಲ್ಲವೆಂದು ತಿಳಿಸಿತು. ಪ್ರಯೋಗಶಾಲೆಯ ಹಲ್ಲನ್ನು ಇಕ್ಕುಳದಿಂದ ಜಾಗರೂಕತೆಯಿಂದ ಕೀಳುತ್ತಾರೆ. ಮಗುವಿನ ಹಲ್ಲು ಕಲ್ಲಿಗೆ ಬಡಿದು, ಮಣ್ಣಿನಲ್ಲಿ ಹೊರಳಿ, ಯಾರದೋ ಕರವಸ್ತ್ರದಲ್ಲಿ ಒಣಗಿ ಬರುತ್ತದೆ. 2020ರ ಸೂಚಿ ನೆನೆಸುವ ಔಷಧ, ಅವಧಿ, ವಿಧಾನ ಯಾವುದನ್ನೂ ಹೆಸರಿಸಿ ಶಿಫಾರಸು ಮಾಡುವುದಿಲ್ಲ.

ಮೂರನೆಯದಾದ ನಾಳಲೇಪಕ್ಕೆ ಉತ್ತಮ ಉದಾಹರಣೆ ಲೆಡರ್‌ಮಿಕ್ಸ್. 1960ರ ಸುಮಾರಿಗೆ ಸ್ವಿಟ್ಸರ್ಲೆಂಡಿನಲ್ಲಿ ರೂಪಗೊಂಡ ಈ ಲೇಪದಲ್ಲಿ ಉರಿಯೂತವನ್ನು ತಗ್ಗಿಸುವ ಸ್ಟೆರಾಯ್ಡ್ ಒಂದು, ಟೆಟ್ರಸೈಕ್ಲಿನ್ ವರ್ಗದ ಡೆಮೆಕ್ಲೊಸೈಕ್ಲಿನ್ ಇನ್ನೊಂದು. ಶುದ್ಧಮಾಡಿದ ನಾಳದಲ್ಲಿ ಇದನ್ನು ತುಂಬಿದರೆ ಎರಡೂ ದಂತದ್ರವ್ಯದ ಸೂಕ್ಷ್ಮನಾಳಗಳ ಮೂಲಕವೇ, ಎಂದರೆ ವಿಷ ಹೊರಬರುವ ಹಾದಿಯಿಂದಲೇ, ಬೇರಿನ ಹೊರಮೈಗೆ ಇಳಿಯುತ್ತವೆ. ಮಾತ್ರೆಗೆ ಮುಚ್ಚಿದ ಬಾಗಿಲು ಹೀಗೆ ಲೇಪಕ್ಕೆ ತೆರೆದಿದೆ. ಸ್ಟೆರಾಯ್ಡ್ ಕೂಡಿದ ಲೇಪವನ್ನು ಬಳಸುವುದಾದರೆ ಮರುನಾಟಿಯ ಬೆನ್ನಿಗೇ ಹಾಕಿ ಕನಿಷ್ಠ 6 ವಾರ ಬಿಡಬೇಕು; ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪವಾದರೆ ಸುಮಾರು ಒಂದು ತಿಂಗಳು. ಡೆಮೆಕ್ಲೊಸೈಕ್ಲಿನ್ ಬೆಳಕಿಗೆ ಕಪ್ಪಿಡುವುದರಿಂದ ಲೇಪವು ಒಸಡಿನ ಮಟ್ಟಕ್ಕಿಂತ ಕೆಳಗೇ ಉಳಿಯುವಂತೆಯೂ ಹಲ್ಲಿನ ಮೇಲ್ಕೋಣೆಯ ಗೋಡೆಗೆ ತಗುಲದಂತೆಯೂ ಎಚ್ಚರವಹಿಸತಕ್ಕದ್ದು; ಇಲ್ಲವಾದರೆ ಉಳಿದ ಹಲ್ಲು ಬೂದುಬಣ್ಣದ್ದಾಗಿ ಉಳಿಯುತ್ತದೆ.

ಇನ್ನು ಕಾರ್ಯಕ್ರಮದ ಮಾತು. ಬಿದ್ದ ಹಲ್ಲನ್ನು ಬಿಳಿಯ ಭಾಗದಲ್ಲಿ ಹಿಡಿದೆತ್ತಿ, ಕೊಳೆಯಿದ್ದರೆ ಹಾಲಿನಿಂದಲೋ ಲವಣದ್ರಾವಣದಿಂದಲೋ ತಣ್ಣೀರಿನಿಂದಲೋ ಲಘುವಾಗಿ ತೊಳೆದು, ಬೇರನ್ನು ಕೆರೆಯದೆ ಉಜ್ಜದೆ ಅಲ್ಲಿಯೇ ಗೂಡಿಗೆ ಕೂರಿಸಿ, ಬಟ್ಟೆ ಕಚ್ಚಿ ಹಿಡಿದು ದಂತವೈದ್ಯರ ಬಳಿಗೆ ಹೋಗುವುದು ಸರ್ವೋತ್ತಮ. ಅದಾಗದಿದ್ದರೆ ಹಾಲಿನಲ್ಲಿ ಹಾಕಿ ಒಯ್ಯತಕ್ಕದ್ದು. ಹಾಲಿನ ಲವಣಾಂಶ ಜೀವಕೋಶಗಳಿಗೆ ಒಗ್ಗುವ ಮಟ್ಟದಲ್ಲಿದೆ, ಬರಿಯ ನೀರಿನಲ್ಲಿ ಅವು ಉಬ್ಬಿ ಒಡೆಯುತ್ತವೆ. ಚೆನ್ನೈಯ ಸಂಶೋಧಕರು 2008ರಲ್ಲಿ ಎಳನೀರನ್ನೂ ಈ ಕೆಲಸಕ್ಕೆ ಪರೀಕ್ಷಿಸಿ ಹೊಗಳಿದರು; ಅದರ ಹುಳಿತನವನ್ನು ಆಕ್ಷೇಪಿಸಿದವರೂ ಇದ್ದಾರೆ, ಹಾಲಿನ ಸ್ಥಾನ ಅದರಿಂದ ಕದಲಿಲ್ಲ. ವೈದ್ಯರು ಗೂಡನ್ನು ಲವಣದ್ರಾವಣದಿಂದ ತೊಳೆದು, ಹಲ್ಲನ್ನು ಮೆಲ್ಲನೆ ಒತ್ತಿ ಕೂರಿಸಿ, 0.4 ಮಿ.ಮೀ.ಗಿಂತ ದಪ್ಪವಲ್ಲದ ಬಳುಕುವ ತಂತಿಯಿಂದ 2 ವಾರ ಕಟ್ಟುತ್ತಾರೆ. ತುದಿ ಮುಚ್ಚಿದ ಹಲ್ಲಿಗೆ ಆ 2 ವಾರಗಳೊಳಗೆ ರೂಟ್ ಕೆನಾಲ್ ಆರಂಭವಾಗಬೇಕು. ಮಾತ್ರೆಯ ಅವಧಿಯೂ ಕಾವಲಿನ ಅವಶ್ಯಕತೆಯೂ ಹೆಚ್ಚುಕಡಮೆ ಒಟ್ಟಿಗೆ ಮುಗಿಯುವಂತೆ ಈ ಕಾಲಪಟ್ಟಿ ಏರ್ಪಟ್ಟಿದೆ. ಮೃದುವಾದ ಆಹಾರ, ಮೆತ್ತನೆಯ ಬ್ರಷ್ಷು, ಕ್ಲೋರ್‌ಹೆಕ್ಸಿಡಿನ್ ಬಾಯಿಮುಕ್ಕಳಿಕೆ ಇವೂ ಸೇರುತ್ತವೆ. ಹಲ್ಲು ಮಣ್ಣಿಗೆ ಬಿದ್ದಿದ್ದರೆ ಧನುರ್ವಾಯುವಿನ ಲಸಿಕೆಯ ಲೆಕ್ಕವನ್ನು ವೈದ್ಯರಿಂದ ಪರಿಶೀಲಿಸಿಕೊಳ್ಳಬೇಕು. ಪ್ರತಿಜೈವಿಕ ಕೊಟ್ಟ ಮಾತ್ರಕ್ಕೆ ಈ ಮುನ್ನೆಚ್ಚರಿಕೆಯನ್ನು ಕೈಬಿಡುವಂತಿಲ್ಲ, ಹಾಗೆ ಕೈಬಿಡುವುದು ನಡೆಯುತ್ತಲೂ ಇದೆ.

ರೋಗಿಯ ಹೃದಯದ ಕವಾಟಗಳಲ್ಲಿ ತೀವ್ರದೋಷವಿದ್ದಾಗ, ಅಥವಾ ರೋಗನಿರೋಧಶಕ್ತಿ ಬಹಳ ಕುಗ್ಗಿದ್ದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಅಂಥವರಲ್ಲಿ ಮಾತ್ರೆಯನ್ನು ಕೊಟ್ಟು ನೆಡುವುದೋ ಎಂದಲ್ಲ, ನೆಡುವುದೇ ಯುಕ್ತವೋ ಎಂದು ಮೊದಲು ಕೇಳಬೇಕು. ಮಾರ್ಗಸೂಚಿಗಳು ಇವರನ್ನು ಮರುನಾಟಿಗೆ ತಕ್ಕವರಲ್ಲವೆಂದು ಎಣಿಸಿವೆ.

ಭಾರತದಲ್ಲಿ ಈ ಔಷಧಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ‘ಎಚ್’ ಅನುಸೂಚಿಗೆ ಸೇರಿದ್ದರೂ ಮೂಲೆಯ ಮೆಡಿಕಲ್ ಶಾಪಿನಲ್ಲಿ ‘ಹಲ್ಲಿಗೆ ಪೆಟ್ಟಾಗಿದೆ, ಏನಾದರೂ ಕೊಡಿ’ ಎಂದವರಿಗೆ ಅಮಾಕ್ಸಿಸಿಲಿನ್ ಪಟ್ಟಿ ಸಿಕ್ಕುವುದು ಕಷ್ಟವೇನಲ್ಲ. ಮೈಮೇಲೆ ದದ್ದು, ಭೇದಿ, ಅಪರೂಪವಾಗಿ ಪ್ರಾಣಾಂತಿಕವಾದ ಒಗ್ಗದಿಕೆ, ಔಷಧಕ್ಕೆ ಮಣಿಯದ ಸೂಕ್ಷ್ಮಜೀವಿಗಳ ಹೆಚ್ಚಳ ಇವೆಲ್ಲ ಗೊತ್ತಿರುವ ಕೆಡುಕುಗಳು. ಮರುನಾಟಿಯ ಸಂದರ್ಭದಲ್ಲಿ ಇವಕ್ಕಿಂತ ಹತ್ತಿರದ ಕೆಡುಕೊಂದುಂಟು: ಮಾತ್ರೆ ನುಂಗಿ ಊತ ಇಳಿದುದನ್ನು ಕಂಡು ಮನೆಯವರು ಎಲ್ಲವೂ ಸರಿಯಾಯಿತೆಂದು ಬಗೆದು, ನಾಳಚಿಕಿತ್ಸೆಗೆ ಗೊತ್ತುಮಾಡಿದ ದಿನಕ್ಕೆ ಬಾರದೆ ಹೋಗುತ್ತಾರೆ, ಬೇರಿನ ಕರಗುವಿಕೆ ನೋವಿಲ್ಲದೆ, ಸದ್ದಿಲ್ಲದೆ, ಒಳಗೆ ಸಾಗುತ್ತದೆ.

ಆದುದರಿಂದ ಮರುನಾಟಿಯಾದ ಹಲ್ಲಿಗೆ ಕ್ಷಕಿರಣಪರೀಕ್ಷೆ ಕಡ್ಡಾಯ. ಬೇರು ಬೆಳೆದ ಹಲ್ಲನ್ನು 2 ವಾರ, 4 ವಾರ, 3 ತಿಂಗಳು, 6 ತಿಂಗಳು, ಒಂದು ವರ್ಷಕ್ಕೂ, ಮುಂದೆ ಕನಿಷ್ಠ 5 ವರ್ಷ ವರ್ಷಕ್ಕೊಮ್ಮೆಯೂ ನೋಡಬೇಕು. ತಿರುಳು ಬದುಕಲೆಂದು ಬಿಟ್ಟ ಎಳೆಯ ಹಲ್ಲನ್ನು ಮೊದಲ ತಿಂಗಳುಗಳಲ್ಲಿ ಇನ್ನೂ ಅಡಿಗಡಿಗೆ. ಚಿತ್ರದಲ್ಲಿ ಬೇರಿನ ಪಕ್ಕದಲ್ಲಿ ಬಟ್ಟಲಿನಾಕಾರದ ಕಪ್ಪು ಕಚ್ಚು ಮೂಡಿ, ಅದಕ್ಕೆದುರಾಗಿ ಮೂಳೆಯಲ್ಲಿಯೂ ಕಪ್ಪು ಕಂಡರೆ ಅದು ಸೋಂಕಿನ ಕರಗುವಿಕೆ. ಒಸಡಿನ ಮೇಲೆ ಕೀವುಗುಳ್ಳೆ ಎದ್ದರಂತೂ ಸಂದೇಹವೇ ಇಲ್ಲ. ಆ ಹಂತದಲ್ಲಿ ಮತ್ತೊಂದು ವಾರದ ಮಾತ್ರೆಯನ್ನು ಬರೆದುಕೊಡುವುದು ನಿಷ್ಫಲ. ಅಂದೇ ಹಲ್ಲನ್ನು ಕೊರೆದು, ಸತ್ತ ತಿರುಳನ್ನು ತೆಗೆದು, ನಾಳವನ್ನು ತೊಳೆದು, ಲೇಪವನ್ನು ಬೇರಿನ ತುದಿಯವರೆಗೆ ತುಂಬತಕ್ಕದ್ದು. ಮುಂದಿನ ಚಿತ್ರದಲ್ಲಿ ಆ ಕಚ್ಚಿನ ಅಂಚು ಹರಡದೆ ನಿಂತಿದ್ದು, ಬೇರಿನ ಸುತ್ತ ತಂತುವಿನ ಸಣ್ಣ ಗೆರೆ ಮತ್ತೆ ಕಂಡರೆ ಲೇಪವನ್ನು ತೆಗೆದು ನಾಳವನ್ನು ಶಾಶ್ವತವಾಗಿ ಮುಚ್ಚಬಹುದು.